ಜಿಲೇಬಿ ತಲೆಯಲ್ಲಿ ಕಲ್ಲು, ರೋಹು ತಲೆಯಲ್ಲಿ ಸೂಜಿ

ಕಳೆದ ಸಂಚಿಕೆಯಲ್ಲಿ ಮೈಸೂರಿನ ಓದುಗರೊಬ್ಬರು ‘ಮೀನಿಗೆ ಕಿವಿ ಇದೆಯಾ?’ ಎಂದು ಒಂದೇ ಸಾಲಿನ ಪ್ರಶ್ನೆ ಕೇಳಿದ್ದರು. ನಾನೂ ನಾಲ್ಕೇ ಸಾಲಲ್ಲಿ ಮುಗಿಸಿದ್ದೆ. ಹೊರಗೆ ಕಾಣುವ ಕಿವಿ ಇಲ್ಲ, ತಲೆಬುರುಡೆಯ ಒಳಗಿದೆ, ಅದರಲ್ಲಿ ಮೂರು ಜೊತೆ ಕಲ್ಲುಗಳಿರುತ್ತವೆ, ನಂಬಿಕೆ ಬರದಿದ್ದರೆ ಮುಂದಿನ ಸಲ ಸಾರಿನಲ್ಲಿ ಬೆಂದ ತಲೆ ಒಡೆದು ನೋಡಿ ಎಂದು. ಆ ಕೊನೆಯ ಮಾತನ್ನು ಇಷ್ಟೊಂದು ಜನ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಪತ್ರಗಳ ರಾಶಿ ಬಂದಿದೆ. ಒಬ್ಬರಂತೂ ಬೆಂಕಿಪೊಟ್ಟಣದೊಳಗೆ ಹತ್ತಿ ಹಾಸಿ ಆರು ಕಲ್ಲು ಕಳಿಸಿದ್ದಾರೆ. ಅದರ ವಿಷಯ ಕೊನೆಗೆ ಹೇಳುತ್ತೇನೆ. ಈ ಸಲ ಪೂರಾ ಮೀನಿನ ಕಿವಿಯೇ. ಮೀನು ತಿನ್ನದವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೂ ಒಂದು ಪ್ರಶ್ನೆ ಇದೆ.

ಸರ್, ಭಾನುವಾರ ಜಿಲೇಬಿ ಮೀನಿನ ಸಾರು ಮಾಡಿದ್ದೆ. ಮಗಳು ತಲೆ ಒಡೆದು ಎರಡು ಬಿಳಿ ಚೂರು ತೆಗೆದಳು. ಇವು ಮೂಳೆಯಾ, ಕಲ್ಲಾ? ನೀವು ಮೂರು ಜೊತೆ ಅಂದಿದ್ದಿರಿ, ನಮಗೆ ಸಿಕ್ಕಿದ್ದು ಎರಡೇ ಚೂರು. — ಗೃಹಿಣಿ, ಕುವೆಂಪುನಗರ, ಮೈಸೂರು

ಮೇಡಂ, ಮೊದಲು ನಿಮ್ಮ ಮಗಳಿಗೆ ಶಾಭಾಷ್ ಹೇಳಿ. ಅವಳಿಗೆ ಸಿಕ್ಕಿದ್ದು ಸರಿಯಾದ ವಸ್ತುವೇ. ಕಿವಿಮೂಳೆ ಅಂತ ಎಲ್ಲರೂ ಕರೆಯುತ್ತಾರೆ, ಆದರೆ ಅದು ಮೂಳೆ ಅಲ್ಲ. ಮೂಳೆಯಲ್ಲಿ ಜೀವಕೋಶ ಇರುತ್ತದೆ, ರಕ್ತ ಓಡಾಡುತ್ತದೆ. ಇದರಲ್ಲಿ ಅದೇನೂ ಇಲ್ಲ. ಇದು ನಾವು ಎಲೆಗೆ ಹಚ್ಚುವ ಸುಣ್ಣದ ನೆಂಟ, ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್. ಸೀಮೆಸುಣ್ಣ, ಅಮೃತಶಿಲೆ, ಕಪ್ಪೆಚಿಪ್ಪು ಎಲ್ಲ ಅದೇ ವಸ್ತು. ಅದರ ಜೊತೆ ಚೂರೇ ಚೂರು ಪ್ರೋಟೀನ್ ಸೇರಿರುತ್ತದೆ. ವಿಜ್ಞಾನದವರು ಆಟೊಲಿತ್ ಅನ್ನುತ್ತಾರೆ. ಕಿವಿಕಲ್ಲು ಅಂತ ಅದರ ಅರ್ಥ, ನಾವೂ ಹಾಗೇ ಕರೆಯೋಣ.

ಒಂದೊಂದು ಕಿವಿಯಲ್ಲಿ ಮೂರು ಕಲ್ಲು. ಸ್ಯಾಜಿಟಾ, ಲ್ಯಾಪಿಲಸ್, ಆಸ್ಟೆರಿಸ್ಕಸ್. ಅಂದರೆ ಬಾಣ, ಪುಟ್ಟ ಕಲ್ಲು, ಪುಟ್ಟ ನಕ್ಷತ್ರ. ಜಿಲೇಬಿಯಲ್ಲಿ ಸ್ಯಾಜಿಟಾ ಒಂದೇ ದೊಡ್ಡದು, ಮಿಕ್ಕ ಎರಡು ಜೊತೆ ರವೆಯಷ್ಟು ಸಣ್ಣವು. ಅವು ಸಾರಿನಲ್ಲೇ ಹೋದವು, ಯಾರೋ ಕುಡಿದೂ ಆಯಿತು. ಹೆದರಬೇಡಿ, ಸುಣ್ಣ ತಾನೇ, ಹೊಟ್ಟೆಯ ಹುಳಿಗೆ ಕರಗುತ್ತದೆ.

ಕಲ್ಲು ಯಾಕೆ ಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಇದು ಬೇಕು. ಮೀನಿನ ಮೈ ಹೆಚ್ಚು ಕಡಿಮೆ ನೀರಿನಷ್ಟೇ ತೂಕದ್ದು. ನೀರಲ್ಲಿ ಶಬ್ದ ಬಂದಾಗ ಮೈಯೂ ನೀರಿನ ಜೊತೆ ಅಲುಗುತ್ತದೆ. ಕಿವಿಕಲ್ಲು ಮಾತ್ರ ಸುಮಾರು ಮೂರು ಪಟ್ಟು ಭಾರ, ಅಷ್ಟು ಬೇಗ ಅಲುಗುವುದಿಲ್ಲ, ಹಿಂದೆ ಬೀಳುತ್ತದೆ. ಮಂಡ್ಯ ಬಸ್ಸು ಗಕ್ಕನೆ ಹೊರಟಾಗ ಕಂಬಿ ಹಿಡಿಯದೆ ನಿಂತವರು ಹಿಂದಕ್ಕೆ ವಾಲುವುದಿಲ್ಲವೇ, ಹಾಗೆ. ಕಲ್ಲಿನ ಅಡಿಯಲ್ಲಿ ಸಣ್ಣ ಸಣ್ಣ ಕೂದಲಿರುವ ಜೀವಕೋಶಗಳಿವೆ. ಕಲ್ಲು ಹಿಂದೆ ಬಿದ್ದಾಗ ಆ ಕೂದಲು ಬಾಗುತ್ತದೆ, ಸುದ್ದಿ ಮಿದುಳಿಗೆ ಹೋಗುತ್ತದೆ. ಮೀನು ಕೇಳಿಸಿಕೊಳ್ಳುವುದು ಹೀಗೆ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಅದಕ್ಕೆ ಗೊತ್ತಾಗುವುದೂ ಇದೇ ಕಲ್ಲುಗಳಿಂದ.

ಎರಡು ಕಿಲೋ ರೋಹು ತಂದು ತಲೆಯನ್ನು ಪುಡಿಪುಡಿ ಮಾಡಿದರೂ ಜಿಲೇಬಿಯಲ್ಲಿ ಸಿಕ್ಕ ಹಾಗೆ ಕಲ್ಲು ಸಿಗಲಿಲ್ಲ. ಗಂಟಲ ಹತ್ತಿರ ಹಲ್ಲಿನ ಸಾಲಿನಂಥದ್ದು ಸಿಕ್ಕಿತು. ಅದೇ ಕಿವಿಕಲ್ಲಾ? ದೊಡ್ಡ ಮೀನಿಗೆ ದೊಡ್ಡ ಕಲ್ಲು ಇರಬೇಕಲ್ವಾ? — ಓದುಗ, ಬನ್ನೂರು

ಇರಬೇಕಿಲ್ಲ. ಈ ಸಲದ ಅರ್ಧಕ್ಕರ್ಧ ಪತ್ರಗಳಲ್ಲಿ ಇದೇ ತಪ್ಪು ಲೆಕ್ಕ.

ನಿಮಗೆ ಸಿಕ್ಕಿದ್ದು ಹಲ್ಲಿನಂಥದ್ದಲ್ಲ, ಹಲ್ಲೇ. ರೋಹು, ಕಟ್ಲ, ಮೃಗಾಲ್, ಗೆಂಡೆ ಇವುಗಳಿಗೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ತಿಂದದ್ದನ್ನು ಅಲ್ಲಿ ಅರೆಯುತ್ತವೆ. ಎಷ್ಟೋ ಜನ ಅದನ್ನೇ ಕಿವಿಕಲ್ಲು ಅಂದುಕೊಂಡು ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಾರೆ. ಬಿಸಾಡಬೇಡಿ, ಮುಂದೆ ನೀರುನಾಯಿಯ ಪ್ರಶ್ನೆಯಲ್ಲಿ ಅದಕ್ಕೂ ಒಂದು ಕೆಲಸ ಇದೆ.

ಈ ಗೆಂಡೆ ಕುಲದ ಮೀನುಗಳ ಕಿವಿ ಬೇರೆ ಥರ. ಹೊಟ್ಟೆಯಲ್ಲಿ ಬಲೂನಿನ ಹಾಗೆ ಗಾಳಿಚೀಲ ಇರುತ್ತದೆ, ಮೀನು ಕತ್ತರಿಸುವವರಿಗೆಲ್ಲ ಗೊತ್ತು. ಆ ಚೀಲದಿಂದ ಕಿವಿಯವರೆಗೆ ಬೆನ್ನುಮೂಳೆಯ ಮುಂದಿನ ಭಾಗದಿಂದಲೇ ಆದ ಪುಟ್ಟ ಮೂಳೆಗಳ ಒಂದು ಸರಪಳಿ ಇದೆ. 1820ರಲ್ಲಿ ಇದನ್ನು ವಿವರಿಸಿದವನು ಜರ್ಮನಿಯ ಅರ್ನ್‌ಸ್ಟ್ ಹೈನ್ರಿಶ್ ವೇಬರ್, ಅವನ ಹೆಸರಲ್ಲೇ ಇವತ್ತಿಗೂ ಕರೆಯುತ್ತಾರೆ. ಶಬ್ದಕ್ಕೆ ಗಾಳಿಚೀಲ ತಮಟೆಯ ಹಾಗೆ ನಡುಗುತ್ತದೆ, ಸರಪಳಿ ಆ ನಡುಕವನ್ನು ಕಿವಿಗೆ ಮುಟ್ಟಿಸುತ್ತದೆ. ನಿಜವಾಗಿ ‘ಕಿವಿಮೂಳೆ’ ಅನ್ನಿಸಿಕೊಳ್ಳಬೇಕಾದ್ದು ಇವೇ. ಈ ವ್ಯವಸ್ಥೆಯಿಂದ ಗೆಂಡೆ ಕುಲದವು ಜಿಲೇಬಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತವೆ. ಕೆರೆ ಏರಿಯ ಮೇಲೆ ದಪದಪ ನಡೆದರೆ ರೋಹು ದೂರ ಸರಿಯುತ್ತದೆ ಅಂತ ಗಾಳ ಹಾಕುವವರು ಬೈಯುವುದು ಸುಮ್ನೆ ಅಲ್ಲ.

ಇವುಗಳ ಸ್ಯಾಜಿಟಾ ಹೊಲಿಗೆ ಸೂಜಿಯ ಮುರಿದ ತುದಿಯ ಹಾಗಿರುತ್ತದೆ, ತೆಳ್ಳಗೆ, ಉದ್ದಕ್ಕೆ. ಮುಟ್ಟಿದರೆ ಮುರಿಯುತ್ತದೆ. ಬಾಣ ಅನ್ನುವ ಹೆಸರು ಇಲ್ಲಿ ಒಪ್ಪುತ್ತದೆ ನೋಡಿ. ಜಿಲೇಬಿಯ ದಪ್ಪ ಕಲ್ಲನ್ನು ಬಾಣ ಅಂದರೆ ನಗು ಬರುತ್ತದೆ. ರೋಹುವಿನಲ್ಲಿ ಸ್ವಲ್ಪ ದೊಡ್ಡದಾಗಿ ಕಾಣುವುದು ಆಸ್ಟೆರಿಸ್ಕಸ್, ಅಂಚೆಲ್ಲ ಹಲ್ಲು ಹಲ್ಲಾದ ತೆಳು ಬಿಲ್ಲೆ. ಬಾಳೆಮೀನು, ಗಿರ್ಲು ಥರದ ಮೀಸೆಮೀನುಗಳಲ್ಲಿ ಮೂರನೆಯದು, ಅಂದರೆ ಲ್ಯಾಪಿಲಸ್, ದೊಡ್ಡದು. ಕಡಲಿನ ಮೀಸೆಮೀನುಗಳಲ್ಲಿ ಅದು ಉಂಡೆಯಾಗಿ ನದಿಯ ಬೆಣಚುಕಲ್ಲಿನ ಹಾಗೆ ಕಾಣುತ್ತದೆ. ಒಟ್ಟಿನಲ್ಲಿ ಮೂರು ಜೊತೆಯಲ್ಲಿ ಯಾವುದು ದೊಡ್ಡದು ಅನ್ನುವುದೇ ಕುಲದಿಂದ ಕುಲಕ್ಕೆ ಬದಲಾಗುತ್ತದೆ. ನಾನೂ ಮೊದಲ ಸಲ ರೋಹುವಿನ ಸೂಜಿ ಪೂರ್ತಿಯಾಗಿ ತೆಗೆಯಬೇಕು ಅಂತ ಹಟ ಹಿಡಿದು ಮೂರು ತಲೆ ಹಾಳು ಮಾಡಿದೆ. ಆ ಮೂರು ದಿನ ಮನೆಯಲ್ಲಿ ತಲೆಸಾರು ಇಲ್ಲ, ಬರೀ ತಲೆನೋವು.

ದೊಡ್ಡ ಮೀನಿನ ಮಾತು ಬಂತಲ್ಲ. 1946ರಲ್ಲಿ ಕಬಿನಿಯಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಗಾಳಕ್ಕೆ 120 ಪೌಂಡಿನ ಮಹಶೀರ್ ಬಿದ್ದಿತ್ತು, ಹತ್ತಿರ ಹತ್ತಿರ 54 ಕಿಲೋ. ಹುಲಿ, ಚಿರತೆಗಳನ್ನು ತುಂಬಿ ನಿಲ್ಲಿಸುತ್ತಿದ್ದ ಅದೇ ಹೆಸರಾಂತ ಮನೆ. ಮಹಶೀರ್ ಅಂದರೆ ಕಾವೇರಿಯ ಬಿಳಿಮೀನು, ಗೆಂಡೆ ಕುಲದ್ದೇ. ಅಷ್ಟು ಭಾರದ ಮೀನಿನ ಸ್ಯಾಜಿಟಾ ಕೂಡ ಸೂಜಿಯ ಜಾತಿಯದ್ದೇ. ಕಡಲಿನಲ್ಲೂ ಹೀಗೇ. ಜಾಸ್ತಿ ವೇಗವಾಗಿ ಈಜುವ ಕತ್ತಿಮೀನು ಆಳೆತ್ತರ ಮೀರಿ ಬೆಳೆದರೂ ಕಲ್ಲು ಎಳ್ಳುಕಾಳಿನಷ್ಟು. ಮಂಗಳೂರಿನ ಕಡೆಯ ಕೊಡ್ಡಾಯಿ ಕುಲದವು ಅಂಗೈ ಉದ್ದ ಇದ್ದರೂ ಕಲ್ಲು ದಪ್ಪ. ಆ ಕುಲದ ಒಂದು ಗುಂಪಿಗೆ ಒಟೊಲಿಥೆಸ್ ಅಂತ ಕಲ್ಲಿನ ಹೆಸರೇ ಇಟ್ಟುಬಿಟ್ಟಿದ್ದಾರೆ.

ನಾನು ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ಕಿವಿಕಲ್ಲಿನ ಆಕಾರ ಮತ್ತು ಮೀನಿನ ಗಾತ್ರದ ಸಂಬಂಧ ತಗೊಂಡಿದ್ದೇನೆ. ಕಲ್ಲು ಅಳೆದರೆ ಮೀನಿನ ಉದ್ದ ಹೇಳಬಹುದಾ? ಒಂದೇ ಜಾತಿಯಲ್ಲೂ ಆಕಾರ ಯಾಕೆ ಬೇರೆ ಬೇರೆ? — ವಿದ್ಯಾರ್ಥಿನಿ, ಮಂಡ್ಯ

ಹೇಳಬಹುದು ಕಣಮ್ಮ, ಒಂದೇ ಜಾತಿಯೊಳಗಾದರೆ. ಒಂದು ಜಾತಿಯ ಗೆರೆ ಇನ್ನೊಂದಕ್ಕೆ ನಡೆಯುವುದಿಲ್ಲ. ಜಿಲೇಬಿಯ ಲೆಕ್ಕ ಕೊರಮೀನಿಗೆ ಹಾಕಿದರೆ ಪೂರಾ ಸುಳ್ಳು ಬರುತ್ತದೆ.

ಕೆಲಸ ಹೀಗೆ ಮಾಡು. ಒಂದೇ ಜಾತಿ ಆರಿಸಿಕೋ, ನನ್ನನ್ನು ಕೇಳಿದರೆ ಜಿಲೇಬಿಯೇ ಸರಿ, ಅಗ್ಗ, ಎಲ್ಲ ಕಡೆ ಸಿಗುತ್ತದೆ, ಕಲ್ಲೂ ಗಟ್ಟಿ. ಬೆರಳುದ್ದದಿಂದ ಮೊಳದ ಹತ್ತಿರದವರೆಗೆ ಎಲ್ಲ ಅಳತೆಯ ಮೂವತ್ತು ನಲವತ್ತು ಮೀನು ಬೇಕು. ಎಲ್ಲರೂ ಮಾಡುವ ತಪ್ಪು ಅಂದರೆ ಅಂಗಡಿಯಲ್ಲಿ ಸಿಗುವ ಒಂದೇ ಸೈಜಿನ ಮೀನು ನಲವತ್ತು ತರುವುದು. ಹಾಗೆ ಮಾಡಿದರೆ ಗ್ರಾಫಿನಲ್ಲಿ ಚುಕ್ಕೆಗಳೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿ ನಿಲ್ಲುತ್ತವೆ, ಗೆರೆ ಎಲ್ಲಿ ಎಳೆಯುತ್ತೀ? ಮೂತಿಯಿಂದ ಬಾಲದ ತುದಿಯವರೆಗೆ ಉದ್ದ ಬರೆದುಕೋ, ತೂಕ ಬರೆದುಕೋ, ಆಮೇಲೆ ತಲೆಗೆ ಕೈ ಹಾಕು. ಕಣ್ಣಿನ ಹಿಂದೆ ಬುರುಡೆಯ ಮೇಲಿಂದ ಅಡ್ಡಕ್ಕೆ ಕತ್ತರಿಸಿ ಬಗ್ಗಿಸಿದರೆ ಮಿದುಳಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಬಿಳಿಯಾಗಿ ಕಾಣುತ್ತವೆ, ಚಿಮಟಿಯಲ್ಲಿ ತೆಗಿ. ನೀರಲ್ಲಿ ತೊಳೆದು ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡು, ಎಡ ಬಲ ಗುರುತು ಹಾಕಿಯೇ ಇಡು. ಫಾರ್ಮಲಿನ್‌ನಲ್ಲಿ ಮಾತ್ರ ಬೇಡ. ಅದರಲ್ಲಿ ಹುಳಿ ಅಂಶ ಇರುತ್ತದೆ, ದಿನ ಕಳೆದಂತೆ ಕಲ್ಲು ಕರಗುತ್ತದೆ. ಬಾಟಲಿಯಲ್ಲಿ ಇಡೀ ಮೀನನ್ನು ವರ್ಷಗಟ್ಟಲೆ ಹಾಗೆ ಇಟ್ಟು ಆಮೇಲೆ ತಲೆ ಒಡೆದು ಕಲ್ಲಿಲ್ಲ ಅಂದವರು ಬೇಕಾದಷ್ಟು ಜನ.

ಕಲ್ಲಿನ ಉದ್ದ ಒಂದು ಕಡೆ, ಮೀನಿನ ಉದ್ದ ಇನ್ನೊಂದು ಕಡೆ ಹಾಕಿ ಚುಕ್ಕೆ ಇಟ್ಟರೆ ಸಾಮಾನ್ಯವಾಗಿ ಓರೆಯಾಗಿ ಮೇಲೇರುವ ಗೆರೆ ಬರುತ್ತದೆ. ಮರಿ ಮೀನುಗಳಲ್ಲಿ ಗೆರೆ ನೆಟ್ಟಗಿರುತ್ತದೆ, ದೊಡ್ಡವು ಸೇರಿದಾಗ ಬಾಗಬಹುದು. ಯಾಕೆ ಅಂದರೆ ಮೀನು ದೊಡ್ಡದಾದ ಮೇಲೆ ಕಲ್ಲು ಉದ್ದಕ್ಕೆ ಬೆಳೆಯುವುದು ಕಡಿಮೆ ಮಾಡಿ ದಪ್ಪಕ್ಕೆ ಬೆಳೆಯಲು ಶುರು ಮಾಡುತ್ತದೆ. ನಮ್ಮ ಥರವೇ.

ಒಂದು ಎಚ್ಚರಿಕೆ. ಕಲ್ಲಿನಿಂದ ಉದ್ದ ಲೆಕ್ಕ ಹಾಕಿ, ಉದ್ದದಿಂದ ತೂಕ ಲೆಕ್ಕ ಹಾಕುವಾಗ ತಪ್ಪು ಊದಿಕೊಳ್ಳುತ್ತದೆ. ತೂಕ ಹೆಚ್ಚು ಕಡಿಮೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ, ಉದ್ದ ಎರಡರಷ್ಟಾದರೆ ತೂಕ ಎಂಟರಷ್ಟು. ಉದ್ದದಲ್ಲಿ ನೂರಕ್ಕೆ 10 ಜಾಸ್ತಿ ಹೇಳಿದೆ ಅಂತ ಇಟ್ಟುಕೋ, ತೂಕದಲ್ಲಿ ನೂರಕ್ಕೆ 33 ಜಾಸ್ತಿ ಹೇಳಿರುತ್ತೀ. ಮುಕ್ಕಾಲು ಕಿಲೋ ಮೀನನ್ನು ಒಂದು ಕಿಲೋ ಅಂದಂತೆ. ಯಾವ ಅಂಗಡಿಯವನೂ ಇಷ್ಟು ಧೈರ್ಯ ಮಾಡುವುದಿಲ್ಲ.

ಇನ್ನು ಆಕಾರ. ಮೊಟ್ಟೆಯಿಂದ ಆಗತಾನೇ ಹೊರಬಂದ ಮರಿಯ ಕಲ್ಲು ಯಾವ ಮೀನಿನದಾದರೂ ಗುಂಡಗಿರುತ್ತದೆ, ನೋಡಿ ಜಾತಿ ಹೇಳುವುದು ಕಷ್ಟ. ಬೆಳೆಯುತ್ತಾ ಅದು ತನ್ನ ಜಾತಿಯ ಮುಖ ಪಡೆಯುತ್ತದೆ. ಮುಂದಕ್ಕೆ ಮೂತಿ ಚಾಚುತ್ತದೆ, ಅಂಚಿನಲ್ಲಿ ಅಲೆ ಅಲೆಯಾಗುತ್ತದೆ, ಒಳಮೈಯಲ್ಲಿ ಒಂದು ತೋಡು ಬೀಳುತ್ತದೆ. ಕೂದಲಿನ ಜೀವಕೋಶಗಳು ಬಂದು ಕೂರುವ ಜಾಗ ಆ ತೋಡು. ಜಾತಿ ಗುರುತಿಸಲು ಅದನ್ನೇ ಮೊದಲು ನೋಡಬೇಕು. ಕೊಡ್ಡಾಯಿ ಕುಲದಲ್ಲಿ ತೋಡು ಥೇಟ್ ಗೊದಮೊಟ್ಟೆಯ ಹಾಗಿರುತ್ತದೆ, ದುಂಡು ತಲೆ, ಬಾಗಿದ ಬಾಲ. ಬಂಗುಡೆಯ ಕಲ್ಲು ತೆಳ್ಳಗೆ, ಮುಂದೆ ಚೂಪು, ಉಗುರು ತಾಗಿದರೂ ಮುರಿಯುತ್ತದೆ. ಒಂದು ಮಗ್ಗುಲಲ್ಲೇ ಮಲಗಿ ಬದುಕುವ ನಂಗ್ ಥರದ ಚಪ್ಪಟೆ ಮೀನುಗಳಲ್ಲಿ ಎಡಗಲ್ಲಿಗೂ ಬಲಗಲ್ಲಿಗೂ ಆಕಾರವೇ ಬೇರೆ ಇರುವುದುಂಟು. ಎಡ ಬಲ ಗುರುತು ಹಾಕು ಅಂದಿದ್ದು ಅದಕ್ಕೇ, ಜಿಲೇಬಿಯಲ್ಲಿ ಅಷ್ಟು ತೊಂದರೆ ಇಲ್ಲ, ಆದರೂ ಅಭ್ಯಾಸ ಒಳ್ಳೆಯದು.

ಒಂದೇ ಜಾತಿಯೊಳಗೂ ನೀರಿನ ಬಿಸಿ, ಆಳ, ಮೇವು, ಬೆಳೆದ ವೇಗ ಎಲ್ಲ ಅಂಚಿನ ಮೇಲೆ ಗುರುತು ಬಿಡುತ್ತವೆ. ಅಟ್ಲಾಂಟಿಕ್ ಕಡಲಿನ ಕಾಡ್ ಮೀನಿನಲ್ಲಿ ಕಲ್ಲಿನ ಅಂಚನ್ನು ಕಂಪ್ಯೂಟರಿನಲ್ಲಿ ಅಳೆದು ಇದು ಯಾವ ಕಡೆಯ ಹಿಂಡಿನದು ಅಂತ ಬೇರ್ಪಡಿಸುತ್ತಾರೆ. ನಿನ್ನ ಪ್ರಾಜೆಕ್ಟಿಗೆ ಅಷ್ಟು ಬೇಡ. ಕಲ್ಲಿನ ಉದ್ದ, ಅಗಲ, ತೂಕ, ಉದ್ದಕ್ಕೆ ಅಗಲದ ಪ್ರಮಾಣ, ಇಷ್ಟು ಸಾಕು. ತೂಕಕ್ಕೆ ಕಾಲೇಜಿನ ಲ್ಯಾಬಿನ ತಕ್ಕಡಿಯೇ ಬೇಕು, ಅಡುಗೆಮನೆಯದು ಕಲ್ಲನ್ನು ಗಮನಿಸುವುದೇ ಇಲ್ಲ.

ಒಂದು ಕಲ್ಲು ಹಾಲಿನ ಬಣ್ಣ, ಅದರ ಜೋಡಿ ಗಾಜಿನ ಹಾಗೆ ಪಾರದರ್ಶಕ, ಇಂಥ ಜೋಡಿ ಸಿಕ್ಕರೆ ಗ್ರಾಫಿಗೆ ಸೇರಿಸಬೇಡ. ಕ್ಯಾಲ್ಸಿಯಂ ಕಾರ್ಬೊನೇಟ್ ಬೇರೆ ಬೇರೆ ಹರಳಾಗಿ ಕಟ್ಟಬಲ್ಲದು. ಸಾಮಾನ್ಯವಾಗಿ ಅರಾಗೊನೈಟ್ ಆಗಿ ಕಟ್ಟುತ್ತದೆ, ಗಾಜಿನಂಥದ್ದು ವ್ಯಾಟೆರೈಟ್. ಅದು ಹಗುರ, ಆಕಾರವೂ ಅಡ್ಡಾದಿಡ್ಡಿ. ಸಾಕಿದ ಸಾಲ್ಮನ್ ಮೀನುಗಳಲ್ಲಿ ಇದು ಜಾಸ್ತಿ, ಅಂಥ ಮೀನಿಗೆ ಕಿವಿಯೂ ಸ್ವಲ್ಪ ಮಂದ.

ಮೇಷ್ಟ್ರೇ, ನಮ್ ಹೊಂಡದ ಜಿಲೇಬಿ ಎರಡ್ ವರ್ಷದಿಂದ ಅಂಗೈ ಅಗಲಕ್ಕಿಂತ ಬೆಳೀತಿಲ್ಲ. ಮರಿ ಕೊಟ್ಟೋರು ಇವಿನ್ನೂ ಎಳೇವು ಅಂತಾರೆ. ಅದೇ ಅಳತೇದು ಬೇರೆ ಕೆರೆಯಿಂದ ತಂದು ತಲೆ ಒಡೆದು ನೋಡ್ದೆ, ನಮ್ದರ ಕಲ್ಲೇ ದಪ್ಪ. ಹಂಗಂದ್ರೆ ನಮ್ ಮೀನು ಚೆನ್ನಾಗದೆ ಅಂತಾನಾ? — ರೈತ, ಪಾಂಡವಪುರ ತಾಲ್ಲೂಕು

ಅಣ್ಣಾ, ಉಲ್ಟಾ. ಆದರೆ ನೀವು ಮಾಡಿದ್ದು ಮಾತ್ರ ಈ ತಿಂಗಳು ಬಂದ ಪತ್ರಗಳಲ್ಲೇ ಒಳ್ಳೆಯ ಪರೀಕ್ಷೆ.

ಮೇಲೆ ಮಂಡ್ಯದ ಹುಡುಗಿಗೆ ನಾನು ಹೇಳಿದ ಗೆರೆಗೆ ಇಲ್ಲೊಂದು ತಿರುವು ಇದೆ, ಅವಳೂ ಇದನ್ನು ಓದಲಿ. ಕಿವಿಕಲ್ಲು ಮೈ ಬೆಳೆದಾಗ ಮಾತ್ರ ಬೆಳೆಯುವುದಲ್ಲ. ಮೀನು ಬದುಕಿದ್ದಷ್ಟು ದಿನವೂ ಒಂದೊಂದು ಪದರ ಕೂಡುತ್ತಲೇ ಹೋಗುತ್ತದೆ. ಮೇವು ಸಾಲದೆ ಮೈ ನಿಂತುಹೋದರೂ ಕಲ್ಲು ನಿಲ್ಲುವುದಿಲ್ಲ. ಉಪವಾಸ ಬಿದ್ದ ಮೀನು ಹುರುಪೆಯಿಂದ ಸುಣ್ಣ ವಾಪಸ್ ಎಳೆದುಕೊಳ್ಳಬಹುದು, ಕಿವಿಕಲ್ಲನ್ನು ಮುಟ್ಟುವುದಿಲ್ಲ. ಹಾಗಾಗಿ ಒಂದೇ ಉದ್ದದ ಎರಡು ಮೀನಿನಲ್ಲಿ ನಿಧಾನವಾಗಿ ಬೆಳೆದದ್ದರ ಕಲ್ಲು ದೊಡ್ಡದು, ಬೇಗ ಬೆಳೆದದ್ದರ ಕಲ್ಲು ಚಿಕ್ಕದು. 1989ರಲ್ಲಿ ಅಮೆರಿಕದ ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು ಗಪ್ಪಿ ಮೀನುಗಳನ್ನು ಸಾಕಿ ಇದನ್ನು ತೋರಿಸಿದರು. ಗಪ್ಪಿ ಅಂದರೆ ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮ ಊರಿನ ತೊಟ್ಟಿಗಳಿಗೆ ಬಿಡುವ ಅದೇ ಮೀನು.

ಅಂದರೆ ನಿಮ್ಮ ಹೊಂಡದವು ಎಳೆಯವಲ್ಲ. ವಯಸ್ಸಾದ ಕುಳ್ಳರು. ಜಿಲೇಬಿಯ ಹಳೆಯ ಕತೆಯೇ ಇದು. 1952ರಲ್ಲಿ ಆಫ್ರಿಕಾದ ಈ ಮೀನು ಭಾರತಕ್ಕೆ ಬಂದಾಗ ಬಡವರ ಮೀನು ಅಂತ ಹೊಗಳಿದರು, ಆಮೇಲೆ ಕೆರೆ ತುಂಬ ಅಂಗೈ ಅಗಲದ ಮೀನೇ ತುಂಬಿಕೊಂಡಿತು. ಕೆಲವೇ ತಿಂಗಳಲ್ಲಿ ಮರಿ ಹಾಕಲು ಶುರು ಮಾಡುತ್ತದೆ, ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಅಷ್ಟು ದಿನ ಸರಿಯಾಗಿ ತಿನ್ನುವುದಿಲ್ಲ. ಹೊಂಡದಲ್ಲಿ ಸಂಸಾರ ಜಾಸ್ತಿಯಾಗಿ ಮೇವಿಗೆ ಜಗಳ. ತಿಂದದ್ದೆಲ್ಲ ಮರಿ ಮಾಡಲು ಖರ್ಚು, ಮೈ ಬೆಳೆಯಲು ಏನೂ ಉಳಿಯುವುದಿಲ್ಲ.

ಇನ್ನೂ ಅನುಮಾನ ಇದ್ದರೆ ಒಂದು ಕಲ್ಲನ್ನು ನಡುವೆ ಮುರಿದು, ಮುರಿದ ಮುಖವನ್ನು ನುಣ್ಣನೆಯ ಉಪ್ಪುಕಾಗದದಲ್ಲಿ ತಿಕ್ಕಿ, ದೀಪದ ಉರಿಯಲ್ಲಿ ಕಂದು ಬಣ್ಣ ಬರುವಷ್ಟು ಮಾತ್ರ ಕಾಯಿಸಿ, ಮೇಲೆ ಒಂದು ಹನಿ ಎಣ್ಣೆ ಹಾಕಿ ಭೂತಗನ್ನಡಿಯಲ್ಲಿ ನೋಡಿ. ಮರದ ದಿಮ್ಮಿಯಲ್ಲಿ ಕಾಣುವ ಹಾಗೆ ಸುತ್ತು ಸುತ್ತಾಗಿ ಗೆರೆ ಕಾಣಬಹುದು. ಮೀನಿನ ವಯಸ್ಸನ್ನು ಹೀಗೆ ಎಣಿಸಲು 1899ರಲ್ಲಿ ಶುರು ಮಾಡಿದವನು ಜರ್ಮನಿಯ ರೈಬಿಶ್. 1971ರಲ್ಲಿ ಪಾನೆಲ್ಲಾ ಅನ್ನುವವರು ಸೂಕ್ಷ್ಮದರ್ಶಕದಲ್ಲಿ ನೋಡಿ ದಿನಕ್ಕೊಂದು ಗೆರೆಯೂ ಇರುತ್ತದೆ ಅಂತ ಕಂಡುಕೊಂಡರು. ಚಳಿ ದೇಶದಲ್ಲಿ ಬೇಸಿಗೆ ಬೇರೆ, ಚಳಿಗಾಲ ಬೇರೆ, ವರ್ಷದ ಗೆರೆ ಖಡಾಖಂಡಿತ. ನಮ್ಮಲ್ಲಿ ನೀರು ವರ್ಷಪೂರ್ತಿ ಬೆಚ್ಚಗೆ, ಗೆರೆ ಮಸುಕು. ಮರಿ ಹಾಕಿದಾಗಲೂ ಒಂದು ಗೆರೆ ಬೀಳಬಹುದು. ಆದ್ದರಿಂದ ಗೆರೆ ಎಣಿಸಿ ಮರಿ ಕೊಟ್ಟವರ ಮೇಲೆ ಜಗಳಕ್ಕೆ ಹೋಗಬೇಡಿ. ಅಷ್ಟಕ್ಕೂ ಎರಡು ವರ್ಷ ನೀವೇ ಸಾಕಿದ್ದೀರಲ್ಲ, ಅದಕ್ಕಿಂತ ಸಾಕ್ಷಿ ಬೇಕಾ? ಹೊಂಡ ಖಾಲಿ ಮಾಡಿ, ಕುಳ್ಳರನ್ನೆಲ್ಲ ಮಾರಿ, ಮುಂದಿನ ಸಲ ಗಂಡುಮರಿ ಮಾತ್ರ ಇರುವ ತಳಿ ಕೇಳಿ ತನ್ನಿ. ಇಲ್ಲವಾದರೆ ಮರಿ ತಿನ್ನಲು ನಾಲ್ಕು ಕೊರಮೀನು ಬಿಡಿ.

ರಂಗನತಿಟ್ಟಿನ ಹತ್ತಿರ ನಮ್ಮ ಗದ್ದೆ. ಬಂಡೆಗಳ ಮೇಲೆ ನೀರುನಾಯಿಯ ಲದ್ದಿ ಬಿದ್ದಿರುತ್ತದೆ, ಬರೀ ಹುರುಪೆ, ಮುಳ್ಳು. ಅದರಲ್ಲಿ ಕಿವಿಕಲ್ಲು ಹುಡುಕಿದರೆ ಅದು ಎಷ್ಟು ದೊಡ್ಡ ಮೀನು ತಿಂತು ಅಂತ ಗೊತ್ತಾಗುತ್ತದಾ? — ಓದುಗ, ಶ್ರೀರಂಗಪಟ್ಟಣ

ಗೊತ್ತಾಗುತ್ತದೆ. ಸೀಲ್, ನೀರುಕಾಗೆ, ನೀರುನಾಯಿ ಇವುಗಳ ಊಟ ತಿಳಿಯಲು ಇದೇ ದಾರಿ. ನೀರುಕಾಗೆ ಇನ್ನೂ ಸುಲಭ, ಜೀರ್ಣವಾಗದ ಮುಳ್ಳು ಕಲ್ಲುಗಳನ್ನು ಉಂಡೆ ಮಾಡಿ ಬಾಯಿಂದಲೇ ಉಗುಳುತ್ತದೆ. ಆದರೆ ಇಲ್ಲಿ ಮೋಸ ಹೋಗುವ ಜಾಗ ಮೂರಿವೆ. ಹೊಟ್ಟೆಯ ಹುಳಿ ಕಲ್ಲನ್ನು ಸವೆಸಿರುತ್ತದೆ, ಸವೆದ ಕಲ್ಲು ಅಳೆದರೆ ಮೀನು ನಿಜಕ್ಕಿಂತ ಚಿಕ್ಕದು ಅನ್ನಿಸುತ್ತದೆ. ಮೀನು ತೀರಾ ದೊಡ್ಡದಾದರೆ ನೀರುನಾಯಿ ತಲೆ ಬಿಟ್ಟು ಮೈ ಮಾತ್ರ ತಿನ್ನುವುದುಂಟು, ಆಗ ಲದ್ದಿಯಲ್ಲಿ ಕಲ್ಲೇ ಇಲ್ಲ. ಮೂರನೆಯದು ನಮ್ಮ ಕಾವೇರಿಗೆ ಮುಖ್ಯ. ಜಿಲೇಬಿಯ ದಪ್ಪ ಕಲ್ಲು ಉಳಿಯುತ್ತದೆ, ಗೆಂಡೆಯ ಸೂಜಿ ಕರಗಿಹೋಗುತ್ತದೆ. ಬರೀ ಕಿವಿಕಲ್ಲು ಎಣಿಸಿದವರು ನೀರುನಾಯಿ ಬರೀ ಜಿಲೇಬಿ ತಿಂದಿದೆ ಅಂದುಬಿಡುತ್ತಾರೆ. ಬನ್ನೂರಿನವರ ಗಂಟಲಹಲ್ಲು ಕೆಲಸಕ್ಕೆ ಬರುವುದು ಇಲ್ಲಿ. ಹಲ್ಲು ಗಟ್ಟಿ, ಹುಳಿಗೆ ಅಷ್ಟು ಬೇಗ ಜಗ್ಗುವುದಿಲ್ಲ, ಅದನ್ನು ಅಳೆದೂ ಗೆಂಡೆಯ ಉದ್ದ ಹೇಳಬಹುದು.

ಇನ್ನೊಂದು ಮಾತು. ರಂಗನತಿಟ್ಟು 1940ರಿಂದ ಪಕ್ಷಿಧಾಮ. ನಿಮ್ಮ ಗದ್ದೆಯ ಬದುವಿನ ಮೇಲೆ ಬಿದ್ದದ್ದನ್ನು ನೋಡಿ, ಫೋಟೊ ತೆಗೀರಿ, ಬೇಲಿ ದಾಟಿ ಬಂಡೆ ಮೇಲಿಂದ ಆರಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮೊಸಳೆಯ ಅನುಮತಿಯೂ.

ನಾವು ಮೀನು ಮುಟ್ಟುವವರಲ್ಲ. ಆದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ತಲೆ ಗಿರ್ರನೆ ಸುತ್ತುತ್ತದೆ ಅಂದಾಗ ಡಾಕ್ಟರು ‘ಕಿವಿಯ ಕಲ್ಲು ಜಾರಿದೆ’ ಅಂದರು. ನಮ್ಮ ಕಿವಿಯಲ್ಲೂ ಇದೆಯಾ? — ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಇದೆ ಅಮ್ಮಾ. ಮೀನಿನ ಹಾಗೆ ಒಂದೇ ದೊಡ್ಡ ಕಲ್ಲಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳಿನ ಪುಡಿ. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಶಾರ್ಕಿಗೂ ಹೀಗೇ ಪುಡಿ ಇರುತ್ತದೆ, ಕಲ್ಲಿಲ್ಲ. ವಯಸ್ಸಾದಂತೆ ಅಥವಾ ತಲೆಗೆ ಪೆಟ್ಟು ಬಿದ್ದು ಆ ಪುಡಿ ತನ್ನ ಜಾಗ ಬಿಟ್ಟು ಪಕ್ಕದ ಅರೆವೃತ್ತದ ಕೊಳವೆಗೆ ಜಾರಿದರೆ, ತಲೆ ತಿರುಗಿಸಿದಾಗಲೆಲ್ಲ ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಪುಡಿಯನ್ನು ವಾಪಸ್ ಕಳಿಸುವ ಉಪಾಯ ಇದೆ, ಬಹಳ ಜನರಿಗೆ ಬೇಗ ವಾಸಿಯಾಗುತ್ತದೆ. ಯಾವ ಕಿವಿ, ಯಾವ ಕೊಳವೆ ಅಂತ ಗೊತ್ತಿಲ್ಲದೆ ಮೊಬೈಲ್ ನೋಡಿಕೊಂಡು ಮನೆಯಲ್ಲೇ ಹೊರಳಾಡಬೇಡಿ, ಡಾಕ್ಟರ ಕೈಯಲ್ಲೇ ಮಾಡಿಸಿಕೊಳ್ಳಿ.

ಈ ಕಲ್ಲಿಗೆ ಬೆಲೆ ಇದೆಯಾ? ಉಂಗುರಕ್ಕೆ ಹಾಕಿಸಬಹುದಾ? — ಮಳವಳ್ಳಿ

ಅಮೆರಿಕದ ದೊಡ್ಡ ಸರೋವರಗಳ ದಂಡೆಯಲ್ಲಿ ಡ್ರಮ್ ಅನ್ನುವ ಮೀನಿನ ಕಲ್ಲನ್ನು ಅದೃಷ್ಟದ ಕಲ್ಲು ಅಂತ ಆರಿಸಿಟ್ಟುಕೊಳ್ಳುತ್ತಾರೆ. ನಮ್ಮ ಜಿಲೇಬಿ ಕಲ್ಲಿಗೆ ಯಾರೂ ಕಾಸು ಕೊಡುವುದಿಲ್ಲ. ಉಂಗುರಕ್ಕೆ ಹಾಕಿದರೆ ಹುಣಸೆಹುಳಿ ಕಿವುಚಿದ ದಿನವೇ ಕಲ್ಲಿನ ಹೊಳಪು ಹೋಗಿರುತ್ತದೆ.

ಆರು ಕಲ್ಲು ಕಳಿಸಿದ್ದೇನೆ. ಯಾವ ಮೀನು, ಎಷ್ಟು ಉದ್ದ ಹೇಳಿ. — ಕೆ.ಆರ್. ಪೇಟೆ

ಬೆಂಕಿಪೊಟ್ಟಣದವರೇ, ನಾಲ್ಕು ಜಿಲೇಬಿಯವು, ಎರಡು ಜೋಡಿ. ಒಂದು ಜೋಡಿಯಲ್ಲಿ ಎಡಗಲ್ಲಿನ ಮೂತಿ ಮುರಿದಿದೆ, ಚಾಕು ತಾಗಿರಬೇಕು. ಐದನೆಯದು ಕಿವಿಕಲ್ಲಲ್ಲ, ಗೆಂಡೆಯ ಗಂಟಲಹಲ್ಲು, ನಿಮಗೂ ಅದೇ ಮೋಸ. ಆರನೆಯದು ಉದ್ದಕ್ಕಿದೆ, ದಪ್ಪಗಿದೆ, ತೋಡು ಸ್ಪಷ್ಟವಾಗಿದೆ, ಕೊರಮೀನು ಇರಬಹುದು ಅಂತ ನನ್ನ ಅಂದಾಜು. ಉದ್ದ ಮಾತ್ರ ಹೇಳಲಾರೆ. ನಿಮ್ಮ ಕೆರೆಯ ಮೀನು ಎಷ್ಟು ಬೇಗ ಬೆಳೆಯುತ್ತದೋ, ಪಾಂಡವಪುರದ ಕುಳ್ಳರ ಥರವೋ ಏನೋ, ಪೊಟ್ಟಣದ ಮೇಲೆ ಒಂದಕ್ಷರ ಬರೆದಿಲ್ಲ. ಜೋಡಿ ಸಿಗದ ಆ ಆರನೆಯದರ ಇನ್ನೊಂದು ಕಲ್ಲು ಮನೆಯಲ್ಲಿ ಇದ್ದರೆ ಅದನ್ನೂ ಕಳಿಸಿ. ಈ ಸಲ ಚೆನ್ನಾಗಿ ತೊಳೆದು, ಒಣಗಿಸಿ. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬರುವ ಮೊದಲೇ ನಮ್ಮ ಮನೆ ಬೆಕ್ಕು ಗೇಟಿಗೆ ಹೋಗಿತ್ತು.